ಕಿತ್ತಳೆಯೊಳಗಿನ ಸೂಜಿ

ಕಸ ಒಯ್ಯುವ ಹೆಂಗಸು ಬೆರಳಿಗೆ ಪಟ್ಟಿ ಕಟ್ಟಿಕೊಂಡು, ಅಳುವ ಕೂಸನ್ನು ಎತ್ತಿಕೊಂಡು ನಮ್ಮ ಬಾಗಿಲಿಗೆ ಬಂದಾಗ ನಾನು ಅತ್ತಿಗೆಯ ಹಿಂದೆ ಸರಿದೆ. ನಾನು ಮೊದಲೇ ಪುಕ್ಕಲ. ಅತ್ತಿಗೆ ಮಾತ್ರ ಅವಳನ್ನು ಕೂರಿಸಿ, ನೀರು ಕೊಟ್ಟು, ನಡೆದದ್ದನ್ನು ಕೇಳಿದರು. ವಿಮೆ ಕಂಪನಿಯಲ್ಲಿದ್ದಾಗ ಸುಳ್ಳು ಅರ್ಜಿ ಹಿಡಿಯುವುದೇ ಅವರ ಕೆಲಸವಾಗಿತ್ತು. ನಿವೃತ್ತರಾದ ಮೇಲೆ ಕಟ್ಟಡದಲ್ಲಿ ಏನೇ ಎಡವಟ್ಟಾದರೂ ಎಲ್ಲರೂ ಅವರ ಬಳಿಗೇ ಓಡಿ ಬರುತ್ತಿದ್ದರು.

ಹಸಿ ಕಸದಲ್ಲಿ ಇಡೀ ಹಣ್ಣು ಸಿಕ್ಕರೆ, ಬೇಗ ಕೊಳೆಯಲೆಂದು ಅದನ್ನು ಹಿಸುಕಿ ಗೊಬ್ಬರದ ಗುಂಡಿಗೆ ಹಾಕುವುದು ಆ ಹೆಂಗಸಿನ ರೂಢಿ. ಅಂದು ಹಿಸುಕಿದ ಕಿತ್ತಳೆಯೊಳಗೆ ಇಂಜೆಕ್ಷನ್ನಿನ ಮುರಿದ ಸೂಜಿಯಿತ್ತು. ಗ್ಲೌಸ್ ದಾಟಿ ಬೆರಳಿಗೆ ಇಳಿದಿತ್ತು.

"ಸೂಜಿ ಯಾರದ್ದು ಅಂತ ಗೊತ್ತಾಗಿ, ಅವ್ರ ರಕ್ತ ಪರೀಕ್ಷೆ ಆಗೋವರೆಗೂ ಮಗೂಗೆ ಎದೆಹಾಲು ಕೊಡ್ಬೇಡ ಅಂದ್ರು ಡಾಕ್ಟ್ರು," ಎಂದಳು. "ಬಾಟಲಿ ಹಿಡಿದ್ರೆ ಮುಖ ತಿರುಗಿಸ್ತದೆ ಅಕ್ಕಾ. ನಂಗೇನಾದ್ರೂ ಅಂಟಿದ್ರೆ ಇದರ ಗತಿ ಏನು?"

ಹಣ್ಣನ್ನು ಕವರಿನಲ್ಲಿ ತಂದಿದ್ದಳು. ಸಿಪ್ಪೆಯ ತುಂಬ ಸಣ್ಣ ತೂತುಗಳು, ಒಂದರ ಪಕ್ಕ ಒಂದು. ಮೈಯೆಲ್ಲ ಕೆಂಪು ಅಂಟು. ರಕ್ತವೆಂದು ನಾನು ಗೋಡೆಗೆ ಒರಗಿದೆ. ಅತ್ತಿಗೆ ಮೂಸಿ, "ಜಾಮ್ ಕಣಯ್ಯ, ಇನ್ನೂ ಕೆಟ್ಟಿಲ್ಲ," ಎಂದರು. ಹಣ್ಣು ಜಾಮಿನ ಮುದ್ದೆಯೊಳಗೇ ಹೂತಿತ್ತೆಂದು ಹೆಂಗಸು ಹೇಳಿದಳು.

ಮಧ್ಯಾಹ್ನದೊಳಗೆ ಕಟ್ಟಡವೆಲ್ಲ ಹೆದರಿ ಕೂತಿತು. ಕೆಳಮನೆಯ ಟೈಲರಮ್ಮ ಇದು ಮಾಟವೇ ಎಂದು ಮಕ್ಕಳನ್ನು ಒಳಗೆ ಕೂಡಿ ಚಿಲಕ ಹಾಕಿದಳು. ಮಿಕ್ಕವರ ಕಣ್ಣೆಲ್ಲ ಮಹಡಿಯ ಮೇಷ್ಟ್ರ ಮೇಲೆ. ಸಕ್ಕರೆ ಕಾಯಿಲೆಗೆ ಇಂಜೆಕ್ಷನ್ ಚುಚ್ಚಿಕೊಳ್ಳುವವರು ಅವರೊಬ್ಬರೇ. ಪಾಪ, ಮುದುಕರು ತಮ್ಮದಲ್ಲವೆಂದು ಆಣೆ ಹಾಕಿದರೂ ಯಾರೂ ನಂಬಲಿಲ್ಲ. ಎದುರುಮನೆಯ ಬಸ್ ಡ್ರೈವರ್ ಮಾತ್ರ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ನನಗಂತೂ ಪ್ರತಿ ಬಾಗಿಲ ಹಿಂದೆಯೂ ಒಬ್ಬ ಪಾತಕಿ ಕಂಡ.

ಹಸಿ ಕಸ ದಿನವೂ ಒಂದೇ ಡ್ರಮ್ಮಿಗೆ ಬಿದ್ದು ಬೆರೆತುಹೋಗುತ್ತದೆ. ಒಣ ಕಸ ಹಾಗಲ್ಲ; ವಾರಕ್ಕೊಮ್ಮೆ ಒಯ್ಯುವವರೆಗೂ ಅದು ಮನೆ ನಂಬರಿನ ಚೀಲಗಳಲ್ಲಿ ಮೆಟ್ಟಿಲ ಕೆಳಗಿರುತ್ತದೆ. ಆ ಕತ್ತಲೆಯಲ್ಲಿ ನಾನು ಟಾರ್ಚ್ ಹಿಡಿದೆ. ಅತ್ತಿಗೆ ಒಂದೊಂದೇ ಚೀಲ ಬಿಚ್ಚಿ ನೋಡಿ, ಎಲ್ಲರನ್ನೂ ಸಂಜೆ ನಮ್ಮ ಮನೆಗೆ ಕರೆದರು.

"ಮೇಷ್ಟ್ರದ್ದಲ್ಲ," ಎಂದು ಶುರುಮಾಡಿದರು. "ಹಣ್ಣಿಗೆ ಚುಚ್ಚಿ ಚುಚ್ಚಿ ಕಲಿಯೋರು ಹೊಸಬರು. ಮೇಷ್ಟ್ರಿಗೆ ಅದು ನೀರು ಕುಡಿದಷ್ಟು ಸಲೀಸು."

ಕೆಡದ ಜಾಮನ್ನು ಯಾರಾದರೂ ಸುರಿಯುವುದುಂಟೇ ಎಂದು ಕೇಳಿದರು. ಸಿಹಿ ಮುಟ್ಟಬೇಡವೆಂದು ಡಾಕ್ಟರಿಂದ ಹೊಸದಾಗಿ ಹೇಳಿಸಿಕೊಂಡವರು ಸುರಿದಾರು. ಹಣ್ಣನ್ನು ಮುಚ್ಚಬೇಕಾದವರು ಅದರ ಮೇಲೆಯೇ ಸುರಿದಾರು. ಅಂದಮೇಲೆ ಹಣ್ಣೂ ಜಾಮೂ ಒಂದೇ ಮನೆಯವು. ಜಾಮಿನ ಬಾಟಲಿ ಸಿಕ್ಕಿದ್ದು ಒಂದೇ ಚೀಲದಲ್ಲಿ, ನಿಯಮದಂತೆ ತೊಳೆದು ಒಣಗಿಸಿದ್ದು. ಅತ್ತಿಗೆ ಆ ಚೀಲದ ನಂಬರಿನ ಮನೆಯ ಡ್ರೈವರ್ ಕಡೆ ತಿರುಗಿದರು.

"ಎಲ್ಲಾನೂ ಒಂದೇ ಕವರಿಗೆ ತುರುಕಿ ಎಸೆದಿದ್ರೆ ನೀವು ಸಿಗ್ತಿರ್ಲಿಲ್ಲ. ಜಾಮ್ ಹಸಿಗೆ, ಬಾಟಲಿ ಒಣಕ್ಕೆ ಸರಿಯಾಗಿ ಹಾಕಿದ್ರಿ. ಸೂಜಿ ಯಾಕೆ ಆಸ್ಪತ್ರೆ ಕಸದ ಕೆಂಪು ಬುಟ್ಟಿಗೆ ಕೊಡ್ಲಿಲ್ಲ?"

ಅವನು ಕುಸಿದು ಕೂತ. ಆ ಬುಟ್ಟಿಗೆ ಹೋಗುವ ಕಸವನ್ನು ಕಸ ಒಯ್ಯುವವಳ ಕೈಗೇ ಕೊಡಬೇಕು, ಏನೆಂದು ಹೇಳಬೇಕು. ಹೇಳಿದರೆ ಊರಿಗೆಲ್ಲ ಗೊತ್ತಾಗುತ್ತದೆ ಎಂದ. "ಸಕ್ಕರೆ ಕಾಯಿಲೆಗೆ ಇಂಜೆಕ್ಷನ್ ತಗೊಳ್ಳೋನಿಗೆ ನಮ್ ಡಿಪೋದಲ್ಲಿ ಬಸ್ ಕೊಡಲ್ಲ ಮೇಡಂ. ನಂಗೆ ಬೇರೆ ಕೆಲಸ ಬರಲ್ಲ."

"ಅದು ಆಮೇಲೆ. ಆ ಸೂಜಿ ಬರೀ ಹಣ್ಣಿಗೆ ಚುಚ್ಚಿದ್ದಾ?"

ಹೌದು ಎಂದಿದ್ದರೆ ಎಲ್ಲರೂ ನಂಬಿ ಮನೆಗೆ ಹೋಗುತ್ತಿದ್ದೆವು. ಅವನು ಅತ್ತು ಅತ್ತು ಸೋತ ಕೂಸನ್ನೇ ನೋಡಿದ.

"ಇಲ್ಲ. ಮೊದಲು ನಂಗೇ ಚುಚ್ಕೊಂಡೆ. ಕೈ ನಡುಗ್ತು. ಅದಕ್ಕೇ ಆಮೇಲೆ ಹಣ್ಣಿಗೆ."

ಹೆಂಗಸು ಮಗುವನ್ನು ಅವಚಿಕೊಂಡಳು. ಅವನೇ ಎದ್ದು, ತೋಳು ಮಡಚಿ, ಈಗಲೇ ಆಸ್ಪತ್ರೆಗೆ ಹೋಗೋಣವೆಂದ.

ಅಲ್ಲಿನ ಬೆಂಚಿನ ಮೇಲೆ ತುಂಬ ಹೊತ್ತು ಕಾದೆವು. ಕೊನೆಗೆ ಡಾಕ್ಟರು ಬಂದು, ಅವನ ರಕ್ತದಲ್ಲಿ ಅಂಟುವ ಕಾಯಿಲೆ ಯಾವುದೂ ಇಲ್ಲ, ಹಾಲು ಕೊಡಬಹುದು ಎಂದರು. ಮಾತು ಮುಗಿಯುವ ಮೊದಲೇ ಅವಳು ಗೋಡೆಯ ಕಡೆ ತಿರುಗಿ ಕೂಸಿಗೆ ಸೆರಗು ಮುಚ್ಚಿದ್ದಳು. ಅತ್ತಿಗೆ ಕಣ್ಣೊರೆಸಿಕೊಂಡರು, ನಾನಂತೂ ಅತ್ತೇಬಿಟ್ಟೆ.

"ನಾಳೆ ಡಿಪೋಗೆ ನಾನೇ ಹೋಗಿ ಇಂಜೆಕ್ಷನ್ ವಿಷಯ ಹೇಳ್ತೀನಮ್ಮಾ," ಎಂದ ಡ್ರೈವರ್, ಅವಳ ಬೆನ್ನಿಗೆ.

ಅವಳು ತಿರುಗಲಿಲ್ಲ. ಮಗು ಕುಡಿಯುತ್ತಲೇ ಇತ್ತು.