ಹ್ಯಾಂಡಲ್ ಯಾಕೆ ಎಳೆಯಲಿಲ್ಲ?

ಮಗಳ ಮನೆ ಮುಂದೆ ಇಳಿದು, ಸೈಕಲ್ಲಿನ ಬಲಗಡೆ ಚೀಲಕ್ಕೆ ಕೈ ಹಾಕಿ ಮುರುಗೇಂದ್ರಪ್ಪನವರು ಹೊರಗೆಳೆದದ್ದು—ಈರುಳ್ಳಿ!

ಅಲ್ಲ, ದೀಪ ಇಟ್ಟರೆ ಈರುಳ್ಳಿ ಬರಲು ಅದೇನು ಹೊಲವೇ? ಅವರ ತಾಯಿಯ ಕಾಲದ ಹಿತ್ತಾಳೆ ದೀಪ ಅದು. ಮೊಳಕಾಲ್ಮೂರಿನಲ್ಲಿ ಮಗಳು ಗಂಗಾಂಬಿಕಾ ಕಟ್ಟಿಸಿದ ಹೊಸ ಮನೆಯಲ್ಲಿ ನಾಳೆ ಬೆಳಗ್ಗೆ ಹಚ್ಚಬೇಕಾದದ್ದು.

"ಲೇ ಜಾಕಿರ್, ದೀಪ ಎಲ್ಲೋ?"

ಜಾಕಿರ್ ಚೀಲಕ್ಕೆ ಬಗ್ಗಿ ನೋಡಿದ. ಚಳ್ಳಕೆರೆಯಲ್ಲಿ ಸೈಕಲ್ ಶಾಪ್ ಇಟ್ಟ ಅವನೂ, ಅದೇ ಊರಲ್ಲಿ ಶೇಂಗಾ ವ್ಯಾಪಾರದ ಮುರುಗೇಂದ್ರಪ್ಪನವರೂ ಪ್ರತಿ ಚಳಿಗಾಲ ಸೈಕಲ್ ಮೇಲೆ ಊರೂರು ಸುತ್ತುವ ಜೋಡಿ. ಈ ಸಲ ಗೃಹಪ್ರವೇಶ ಮುಗಿಸಿ ಹಂಪಿಗೆ ಹೋಗುವುದೆಂದಾಗಿತ್ತು. ಹಿಂದಿನ ಕ್ಯಾರಿಯರ್ ಹಾಸಿಗೆಗೇ ಸಾಲದು. ಅದಕ್ಕೇ ಮುಂದಿನ ಗಾಲಿಯ ಎರಡೂ ಬದಿಗೆ ಕಬ್ಬಿಣದ ಚೌಕಟ್ಟು ಕೂರಿಸಿ, ಕ್ಯಾನ್ವಾಸ್ ಚೀಲ ನೇತುಹಾಕಿಕೊಟ್ಟವನು ಜಾಕಿರನೇ.

"ಯಾ ಅಲ್ಲಾ! ನಂಗೇನ್ ಗೊತ್ತಣ್ಣಾ?"

"ದಾರೀಲಿ ಬಿ.ಜಿ. ಕೆರೇಲಿ ನಾನು ಚಾ ಕುಡಿಯೋಕೆ ಹೋದಾಗ ಸೈಕಲ್ ಹತ್ರ ಇದ್ದೋನು ಯಾರು?"

"ನಾನೇ."

"ಮತ್ತೆ?"

ಆ ಒಂದು 'ಮತ್ತೆ'ಗೆ ಜಾಕಿರನ ಕಣ್ಣು ತುಂಬಿತು. ಒಂದೇ ತಟ್ಟೆಯಲ್ಲಿ ಕೈಹಾಕಿ ಉಂಡವರು, ಈ ಮಾತಾ? ಅವನು ತನ್ನ ಸೈಕಲ್ಲಿನ ಸ್ಟ್ಯಾಂಡ್ ಒದ್ದ. "ಬರ್ತೀನ್ರಿ. ಹಂಪಿಗೆ ನೀವೊಬ್ರೇ ಹೋಗ್ರಿ."

"ನಿಲ್ಲು ಜಾಕಿರಣ್ಣ!" ಗಂಗಾಂಬಿಕಾ ಅಡ್ಡ ಬಂದಳು. ಅವಳಿಗೆ ಚಿಕ್ಕಂದಿನಲ್ಲಿ ಸೈಕಲ್ ಕಲಿಸಿದವನೂ ಅವನೇ. "ಅಪ್ಪಾ, ನೀನು ಸುಮ್ನಿರು. ಜಾಕಿರಣ್ಣ, ಚೀಲ ತುಂಬಿದ್ದು ಯಾವಾಗ?"

"ನಿನ್ನೆ ಸಂಜೆ, ನಿಮ್ಮಪ್ಪನ ಮನೇಲಿ. ನಿಮ್ಮವ್ವ ಸುಲೋಚನಕ್ಕ ಬೇಡ ಬೇಡ ಅಂತಿದ್ರು, ಅಣ್ಣ ಕೇಳ್ಲಿಲ್ಲ. ಎಡಕ್ಕೆ ಬಟ್ಟೆ, ಪಾತ್ರೆ. ಬಲಕ್ಕೆ ದೀಪ. ಎರಡೂ ಸಮ ತೂಗಿಸಿ ಕಟ್ಟಿದ್ವಿ. ಒಂದು ಕಡೆ ಭಾರ ಆದ್ರೆ ಹ್ಯಾಂಡಲ್ ಆ ಕಡೆ ಎಳೀತೈತೆ."

"ಇವತ್ತು ಎಳೀತಾ ಅಪ್ಪಾ?"

"ಎಲ್ಲೂ ಇಲ್ಲ! ಮನೆ ಬಿಟ್ಟಾಗಿಂದ ಒಂದೇ ಕೈಲಿ ಹಿಡ್ಕೊಂಡು ಬಂದೀನಿ." ಸಿಟ್ಟಿನಲ್ಲೂ ಅವರಿಗೆ ಜಂಬ.

"ಬೆಳಗ್ಗೆ ಜಾಕಿರಣ್ಣ ಮನೆಗೆ ಬಂದಿದ್ನಾ?"

"ಇಲ್ಲ. ಪೆಟ್ರೋಲ್ ಬಂಕ್ ಹತ್ರ ಕಾಯ್ತಿದ್ದ."

ಗಂಗಾಂಬಿಕಾ ಎಡಗಡೆ ಚೀಲ ಬಿಚ್ಚಿದಳು. ಬಟ್ಟೆ. ಪಾತ್ರೆ. ಅಡಿಯಲ್ಲಿ—ದೊಡ್ಡದೊಂದು ಸ್ಟೀಲ್ ಡಬ್ಬಿ! ಮುಚ್ಚಳ ತೆಗೆದರೆ ಶೇಂಗಾ ಚಟ್ನಿಪುಡಿಯ ಘಮ.

"ಇದನ್ನೂ ನಿನ್ನೆ ತೂಗಿದ್ರಾ?"

ಗಂಡಸರಿಬ್ಬರೂ ಮುಖ ಮುಖ ನೋಡಿಕೊಂಡರು.

"ನಿನ್ನೆ ಇದು ಇರ್ಲೇ ಇಲ್ಲ!" ಎಂದ ಜಾಕಿರ್.

ಗಂಗಾಂಬಿಕಾ ಜಗಲಿ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಸಿಕ್ಕಿದ್ಲು ಕಳ್ಳಿ! ಇದು ನಮ್ಮನೆ ಚಟ್ನಿಪುಡಿ, ಅಂದ್ಮೇಲೆ ಎಡಕ್ಕೆ ಇಷ್ಟು ದೊಡ್ಡ ಡಬ್ಬಿ ಮನೇಲೇ ಬಿತ್ತು. ಬಲಕ್ಕೆ ದೀಪಾನೇ ಇದ್ದಿದ್ರೆ ಹೊರಟ ಗಳಿಗೆಯಿಂದ್ಲೇ ಹ್ಯಾಂಡಲ್ ಎಡಕ್ಕೆ ಎಳೀಬೇಕಿತ್ತು. ಎಳೀಲಿಲ್ಲ. ಅಂದ್ರೆ ದೀಪ ಚಳ್ಳಕೆರೆ ಬಿಟ್ಟೇ ಇಲ್ಲ! ಡಬ್ಬಿ ಇಟ್ಟ ಕೈಯೇ ದೀಪ ತೆಗೆದು, ಎಡದ ಸಮಕ್ಕೆ ಈರುಳ್ಳಿ ತೂಗಿ ತುಂಬೈತೆ. ಬೇರೆ ಕಳ್ಳ ಆಗಿದ್ರೆ ಕಲ್ಲು ತುಂಬ್ತಿದ್ದ ಅಪ್ಪಾ. ಬಾಲ ಕತ್ತರಿಸಿ, ಆರಿಸಿದ ಈರುಳ್ಳೀನ ಮಗಳ ಸಾರಿಗಾಗ್ಲಿ ಅಂತ ತುಂಬೋದು ಯಾರು? ಸೈಕಲ್ ಓಲಾಡಿ ನೀನು ಬಿದ್ದೀಯಾ ಅಂತ ಹೆದರೋದು ಯಾರು?"

"ಸುಲೋಚನಾ!" ಮುರುಗೇಂದ್ರಪ್ಪನವರು ಹಣೆ ಹಣೆ ಬಡಿದುಕೊಂಡರು. "ನಾನು ಸ್ನಾನಕ್ಕೆ ಹೋದಾಗ..."

ಮಧ್ಯಾಹ್ನದ ಬಸ್ಸಿಗೆ ಸುಲೋಚನಮ್ಮ ಬಂದೇ ಬಂದರು. ಕಂಕುಳಲ್ಲಿ ಕೂಸಿನ ಹಾಗೆ ಸೆರಗು ಹೊದಿಸಿಕೊಂಡ ದೀಪ.

"ತವರಿನ ದೀಪ ಮಡಿಲಲ್ಲಿ ಬರ್ಬೇಕು. ಗಾಲಿ ಪಕ್ಕ, ರಸ್ತೆ ಧೂಳು ತಿಂತಾ ಬರ್ತೈತಾ? ಹೇಳಿದ್ರೆ ಕೇಳ್ತೀರಾ ನೀವು?" ಎಂದವರು, ನಡೆದದ್ದು ತಿಳಿದೊಡನೆ ಕೆಂಡವಾದರು. "ಜಾಕಿರನ್ನ ಅನುಮಾನಿಸಿದ್ರಾ? ನಿಮ್ಮ ಬುದ್ಧಿಗಿಷ್ಟು ಬೆಂಕಿ ಹಾಕ!"

ಮುರುಗೇಂದ್ರಪ್ಪನವರು ಜಾಕಿರನ ಎರಡೂ ಕೈ ಹಿಡಿದುಕೊಂಡರು. "ತಪ್ಪಾಯ್ತು ಕಣೋ."

ಜಾಕಿರ್ ಆ ಕೈ ಒತ್ತಿದ. ಕಣ್ಣೊರೆಸಿಕೊಂಡು, ತನ್ನ ಸೈಕಲ್ಲಿಗೆ ಮತ್ತೆ ಸ್ಟ್ಯಾಂಡ್ ಹಾಕಿದ. ಬರಿದಾದ ಬಲಗಡೆ ಚೀಲ ಕೊಡವಿ ನೋಡಿದ. ಮನಸ್ಸು ಹತ್ತಿಯಷ್ಟು ಹಗುರವಾಗಿತ್ತು.

"ಹಂಪಿಗೆ ಹೋಗುವಾಗ ಇದಕ್ಕೇನ್ ತುಂಬೋಣ ಅಣ್ಣಾ?"

"ನೀನು ಹೇಳಿದ್ದು ಕಣೋ."

"ಬ್ಯಾಡ. ಕಟ್ಟೋಕೆ ಮುಂಚೆ ಸುಲೋಚನಕ್ಕನ್ನ ಕೇಳ್ಬಿಡೋಣ."