ಏಳನೇ ನಂಬರಿನ ಎರಡು ಮಗ್ಗ

"ನಮ್ಮ ಅಪ್ಪನ್ನ ಮನೀಗೆ ಕಳಸಿದವ್ರು ನೀವೇನ್ರಿ?"

ಆಫೀಸಿನ ಬಾಗಿಲು ದೂಡಿಕೊಂಡು ಬಂದ ಹರ್ಷದಾಳ ದನಿಗೆ, ಲ್ಯಾಪ್‌ಟಾಪಿನ ಮುಂದೆ ಕೂತಿದ್ದವನು ಬೆಚ್ಚಿ ತಲೆಯೆತ್ತಿದ.

ಅವನ ಮುಖ ಕಂಡದ್ದೇ ತಡ, ಅವಳು ಬಾಗಿಲಲ್ಲೇ ನಿಂತುಬಿಟ್ಟಳು!

ಇದೇ ಮುಖ... ಗಡಹಿಂಗ್ಲಜದಿಂದ ಅವಳ ಸೋದರತ್ತೆ ಶಾಲನ್ ಕಳಿಸಿದ ಫೋಟೋದಲ್ಲಿದ್ದ ಮುಖ! ಸೌರಭ. ಬರುವ ರವಿವಾರ ಅವಳನ್ನು ನೋಡಲು ಬರಬೇಕಾದವನು. ಎಂಟು ದಿನ ಆ ಫೋಟೋವನ್ನು ಕದ್ದು ಕದ್ದು ನೋಡಿ, ಹುಚ್ಚಿ, ಹೂಂ ಅಂದೂಬಿಟ್ಟಿದ್ದಳು.

"ನೀವು... ಫೋಟೋದಾಗಿನ ಹರ್ಷದಾ ಅಲ್ರಿ? ನಿಮ್ಮ ಅಪ್ಪಾ ಅಂದ್ರ ಯಾರು?"

"ಬಾಹುಬಲಿ. ಇಪ್ಪತ್ತಾರು ವರ್ಷದಿಂದ ಇಲ್ಲೆ ಜಾಬರ್ ಅದಾರ. ಹಳೇ ಶೆಡ್ಡಿನ ಮಗ್ಗ ಕೆಟ್ರ ರಿಪೇರಿ ಮಾಡೋ ಕೈ ಅವ್ರದು!"

ಸೌರಭನ ಮುಖದ ಬಣ್ಣವೇ ಹಾರಿಹೋಯಿತು. ಇಚಲಕರಂಜಿಯ ಈ ಕಾರ್ಖಾನೆಯ ದಾಖಲೆಗಳನ್ನೆಲ್ಲ ಬಣ್ಣದ ಗ್ರಾಫ್ ಮಾಡಿ ತೋರಿಸುವ ಸಾಫ್ಟ್‌ವೇರ್ ಹಾಕಲು ಕೊಲ್ಹಾಪುರದಿಂದ ಬಂದವನು ಅವನು. ಬೆಳಿಗ್ಗೆ ಪರದೆಯ ಮೇಲೆ ಹೆಸರಿರಲಿಲ್ಲ, 'ಜಾಬರ್ ನಾಲ್ಕು' ಎಂದಷ್ಟೇ ಇತ್ತು. ದೋಷದ ಬಟ್ಟೆ ಅವನ ಮಗ್ಗಗಳಿಂದಲೇ ಹೆಚ್ಚು ಎಂದು ಕೆಂಪು ಪಟ್ಟಿ ಎದ್ದು ನಿಂತಿತ್ತು. ಅದನ್ನು ನಂಬಿ ಮಾಲೀಕ ಆಬಾಸಾಹೇಬರು ಎಲ್ಲರೆದುರೇ ಬಾಹುಬಲಿಯನ್ನು ಕೆಲಸದಿಂದ ತೆಗೆದಿದ್ದರು.

"ಇಲ್ಲೆ ಬಟ್ಟೆ ತಪಾಸಣಿ ಮಾಡೋಕಿ ನಾನು," ಹರ್ಷದಾ ಬಿಡಲಿಲ್ಲ. "ಏಳನೇ ಮಗ್ಗಕ್ಕ ಈ ತಿಂಗಳ ಎಷ್ಟು ದೋಷ ತೋರಸ್ತದ?"

"ನಲವತ್ತೊಂದು."

"ಸುಳ್ಳ! ಮೂರs ಮೂರು. ನನ್ನ ಕೈಲೆ ಬರದೇನಿ. ಉಳದದ್ದು ಹೊಸಾ ಶೆಡ್ಡಿನ ಏಳನೇ ಮಗ್ಗದ್ದು."

"ಏನು? ಎರಡು ಏಳು ಅದಾವೇನ್ರಿ?!"

"ಹಳೇ ಶೆಡ್ಡಿನ್ಯಾಗ ಇಪ್ಪತ್ನಾಕು ಮಗ್ಗ ಅದಾವ. ಹೊಸಾ ಶೆಡ್ ಕಟ್ಟಿದಾಗ ನಂಬರ ಇಪ್ಪತ್ತೈದರಿಂದ ಸುರು ಮಾಡಾಕ ಆಬಾಸಾಹೇಬ್ರು ಒಪ್ಪಲಿಲ್ರಿ. ಹೊಸಾ ಶೆಡ್ಡಿನ ಪೂಜಿನೂ ಒಂದನೇ ನಂಬರಿನ ಮಗ್ಗಕ್ಕs ಆಗಬೇಕು ಅಂದ್ರು. ಇಲ್ಲಿ ಎಲ್ಲಾರಿಗೂ ಗೊತ್ತದ. ನಿಮಗ ಯಾರೂ ಹೇಳಲಿಲ್ಲೇನು?"

"ನಾ ಯಾರನ್ನೂ ಕೇಳಲಿಲ್ಲ..."

ಸೌರಭ ಕುಸಿದು ಕೂತ. ಯಾವ ದೋಷ ಯಾವ ಮಗ್ಗದ್ದು ಎಂದು ಹೇಳುವ ಜೋಡಣೆ ಹಳೆಯ ಡೇಟಾಬೇಸಿನಲ್ಲಿ ಮೊದಲೇ ಇತ್ತು. ಒಂದೇ ಶೆಡ್ ಇದ್ದ ಕಾಲದಲ್ಲಿ, ಬರೀ ಮಗ್ಗದ ನಂಬರ್ ಹಿಡಿದು ಕಟ್ಟಿದ ಜೋಡಣೆ ಅದು. ಅದನ್ನೆಲ್ಲ ತಾನಾಗಿಯೇ ತಂದುಕೊಳ್ಳಲೇ ಎಂದು ಸಾಫ್ಟ್‌ವೇರ್ ಕೇಳಿತ್ತು. ಮಹಾಶಯ ಹೌದು ಎಂದು ಒತ್ತಿ ಚಹಾ ಕುಡಿಯಲು ಹೋಗಿದ್ದ! ಹೊಸ ಶೆಡ್ಡಿನ ಪಾಪವೆಲ್ಲ ಬಾಹುಬಲಿಯ ತಲೆಗೆ ಬಂದು ಕೂತಿತ್ತು.

ಅವಸರದಿಂದ ಆ ಜೋಡಣೆ ಅಳಿಸಿ, ಶೆಡ್ಡನ್ನೂ ನಂಬರನ್ನೂ ಸೇರಿಸಿ ಹೊಸದಾಗಿ ಕಟ್ಟಿದ. ಕೆಂಪು ಪಟ್ಟಿ ನೆಲಕ್ಕಿಳಿಯಿತು. ಮರುಕ್ಷಣವೇ ಎದ್ದು, ಬೈಕಿನ ಕೀಲಿ ಎತ್ತಿಕೊಂಡು ಹೊರಗೆ ನಡೆದುಬಿಟ್ಟ.

ಹರ್ಷದಾ ದಂಗಾದಳು. 'ಓಡಿಹೋದ! ಇಂಥವನಿಗೆ ಹೂಂ ಅಂದೆನಲ್ಲ...' ಕಣ್ಣು ತುಂಬಿ ಬಂದವು.

ಅರ್ಧ ತಾಸಿಗೆ ಗೇಟಿನಲ್ಲಿ ಬೈಕ್ ನಿಂತಿತು. ಹಿಂದೆ ಕೂತಿದ್ದವರು... ಅಪ್ಪ!

ಸೌರಭ ಅವರನ್ನು ಹಳೇ ಶೆಡ್ಡಿನ ನಟ್ಟನಡುವೆ ಕರೆತಂದು, ಆಬಾಸಾಹೇಬರ ಎದುರು ಕೈಮುಗಿದ. "ಕಾಕಾರದು ಏನೂ ತಪ್ಪಿಲ್ರಿ. ತಪ್ಪ ನಂದು. ವಿಚಾರಸ್ದs ಒಬ್ಬ ಮನಷ್ಯಾನ ಮಾನ ಕಳದೆ."

ಆಬಾಸಾಹೇಬರ ತಲೆ ತಗ್ಗಿತು. "ಚೂಕ್ ಝಾಲೀ, ತಪ್ಪಾತು ಬಾಹುಬಲಿ. ನಾನೂ ಕೇಳಬೇಕಿತ್ತು. ನಡಿ, ಕೆಲಸಕ್ಕ ಹತ್ತು."

ಬಾಹುಬಲಿ ಸೌರಭನ ಬೆನ್ನು ಒಮ್ಮೆ ತಟ್ಟಿ, ನಟ್ಟು ತಿರುಗಿಸುವ ಪಾನಾ ಎತ್ತಿಕೊಂಡು ತಮ್ಮ ಮಗ್ಗಗಳ ಕಡೆ ಹೋದರು.

ಹೊರಗೆ ಬೈಕಿನ ಹತ್ತಿರ ಸೌರಭ ತಲೆಯೆತ್ತದೆ ಹೇಳಿದ, "ರವಿವಾರ ನಾ ಬರೂದಿಲ್ರಿ."

ಹರ್ಷದಾ ಬೈಕಿಗೆ ಅಡ್ಡ ನಿಂತಳು. "ಯಾಕ್ರಿ?"

"ಭಾಳ ಮನಸಿಗೆ ಬಂದೀರಿ ನೀವು. ಆದ್ರ ಕಾಕಾನ ಕಣ್ಣಾಗ ನೀರ ತರಿಸಿದಾಂವ ಯಾವ ಮಾರಿ ಹೊತ್ಕೊಂಡು ನಿಮ್ಮನೀಗೆ ಬರ್ಲಿ?"

"ಮತ್ತ ಯಾರನ್ನೂ ಕೇಳ್ದs ನೀವs ಠರಾಯಿಸಿದ್ರಿ ನೋಡ್ರಿ!"

ಸೌರಭ ತಬ್ಬಿಬ್ಬಾದ. "ಹಂಗಾರ... ಕೇಳ್ಲೇನು?"

"ಕೇಳ್ರಿ."

"ನನ್ನ ಮದುವಿ ಆಗ್ತೀರೇನು, ಹರ್ಷದಾ?"

"ಆಗ್ತೇನ್ರಿ... ಅಪ್ಪನ್ನ ಮಾತ್ರ ನೀವs ಕೇಳಬೇಕು."

"ಈಗs ಹೋಗ್ಲೇನು?" ಸೌರಭನ ಕಣ್ಣು ಹನಿದಿದ್ದವು.

"ಹೋಗ್ರಿ. ಮೊದಲ ಕಣ್ಣೀರ ಒರಸ್ಕೋರಿ," ಎಂದು ಅವಳು ತನ್ನ ಓಡಣಿಯ ಸೆರಗು ಮುಂದೆ ಚಾಚಿದಳು.