ಅಳತೆ ಪುಸ್ತಕದ ಹರಿದ ಹಾಳೆ

ಹದಿನೆಂಟು ವರ್ಷಗಳ ಹಿಂದೆ, ಬಾಯಲ್ಲಿ ನಾಲ್ಕು ಗುಂಡುಪಿನ್ನು ಕಚ್ಚಿಕೊಂಡೇ, ಟೈಲರಮ್ಮ ಎಂಟು ವರ್ಷದ ಹುಡುಗನೊಬ್ಬನಿಗೆ ಒಂದು ಮಾತು ಕೊಟ್ಟಿದ್ದರು.

"ನಿನ್ನೊಬ್ಬನನ್ನೇ ಕಣೋ ನಾನು ಓದಿಸೋದು. ನಿನ್ನ ಬಿಟ್ಟು ಇನ್ಯಾರೂ ಇಲ್ಲ. ಈಗ ಅಳು ನಿಲ್ಲಿಸು, ಭುಜ ನೆಟ್ಟಗೆ ಮಾಡು."

ಹುಡುಗ ಭುಜ ನೆಟ್ಟಗೆ ಮಾಡಿದ. ಟೈಲರಮ್ಮ ಅಳತೆ ಬರೆದುಕೊಂಡರು, ಮಾತನ್ನು ಮರೆತರು. ಆ ಮಾತು ಪೊಲೀಸ್ ಕಡತ ಸೇರಿದ್ದು ಈ ವರ್ಷ.

ಬುಧವಾರ ಬೆಳಿಗ್ಗೆ 10.15ಕ್ಕೆ, ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳು ಠಾಣೆಗೆ ಬಂದಳು. ಬ್ಲೀಚ್ ನೀರಿಗೆ ಬೆರಳ ತುದಿಗಳೆಲ್ಲ ಬಿಳಿಚಿಕೊಂಡಿದ್ದವು. ಕೂರಲು ಹೇಳಿದರೂ ಕೂರಲಿಲ್ಲ.

"ನನ್ನ ಮಗಳ ಕಾಗದಪತ್ರ ಕಳವಾಗಿದೆ ಸಾರ್. ಸ್ಕೂಲ್ ಆಫೀಸಲ್ಲಿ. ಅವರು ಎಲ್ಲೋ ಕಳೆದುಹೋಗಿದೆ ಅಂತಾರೆ, ನಾನು ಕಳವು ಅಂತೀನಿ."

"ಹೇಗೆ ಹೇಳ್ತೀರಿ?" ಇನ್ಸ್‌ಪೆಕ್ಟರ್ ಕೇಳಿದರು.

"ಒಂದೇ ಬೀರು, ಒಂದೇ ಕಟ್ಟು. ಆರು ಮಕ್ಕಳ ಕವರ್ ಇತ್ತು. ಐದಿದೆ. ಕಳೆದುಹೋಗೋ ಹಾಗಿದ್ರೆ ನನ್ನ ಮಗಳದ್ದೇ ಯಾಕೆ ಹೋಗಬೇಕು?"

ಇನ್ಸ್‌ಪೆಕ್ಟರ್ ಪೆನ್ನು ತೆಗೆದುಕೊಂಡರು. ಅದು ಪಟ್ಟಣದ ದೊಡ್ಡ ಖಾಸಗಿ ಶಾಲೆ. ಅರ್ಹ ಮಕ್ಕಳಿಗೆಂದು ಅಲ್ಲೊಂದು ವಿದ್ಯಾರ್ಥಿವೇತನ ನಿಧಿಯಿತ್ತು. ಆರು ಸೀಟು, ಒಂದೊಂದಕ್ಕೆ ಒಬ್ಬೊಬ್ಬ ದಾನಿ. ಈ ಹೆಂಗಸಿನ ಹತ್ತು ವರ್ಷದ ಮಗಳು ಪರೀಕ್ಷೆ ಬರೆದು ಗೆದ್ದಿದ್ದಳು. ಜನನ ಪತ್ರ, ವರ್ಗಾವಣೆ ಪತ್ರ, ಆದಾಯ ಪತ್ರಗಳ ಮೂಲಪ್ರತಿಗಳನ್ನು ಶುಕ್ರವಾರ ಸಂಜೆ ಐದರೊಳಗೆ ಪರಿಶೀಲನಾಧಿಕಾರಿ ನೋಡಬೇಕು. ಇಲ್ಲವಾದರೆ ಸೀಟು ಮುಂದಿನವರಿಗೆ. ಹೊಸ ಪ್ರತಿ ಮಾಡಿಸಲು ಮೂರು ವಾರ ಬೇಕು.

10.50ಕ್ಕೆ ಎಫ್‌ಐಆರ್ ದಾಖಲಾಯಿತು. ಜೀಪು ಹತ್ತುವಾಗ ಹೆಡ್ ಕಾನ್ಸ್‌ಟೇಬಲ್ ಮೆಲ್ಲಗೆ ಅಂದ, "ಸಾರ್, ಅದೇ ಸ್ಕೂಲು."

"ಗೊತ್ತು. ಹತ್ತು."

ಮೂರು ವರ್ಷದ ಹಿಂದೆ ಇನ್ಸ್‌ಪೆಕ್ಟರ್ ತಮ್ಮ ಮಗಳಿಗೂ ಅದೇ ನಿಧಿಗೆ ಅರ್ಜಿ ಹಾಕಿದ್ದರು. ಮಗಳು ಪರೀಕ್ಷೆಯಲ್ಲಿ ಎರಡನೆಯವಳಾಗಿದ್ದಳು. ಅಪ್ಪನ ಸಂಬಳ ಮಿತಿಗಿಂತ ಕೂದಲೆಳೆಯಷ್ಟು ಹೆಚ್ಚಿತ್ತು. ಇವತ್ತು ಆ ಹೆಂಗಸಿನ ಹೇಳಿಕೆ ಬರೆಯುತ್ತಿರುವಾಗ, ಇವಳ ಮಗಳಿಗೆ ಸಿಕ್ಕಿತಲ್ಲ ಎಂದು ತಾವು ಕರುಬಿದ್ದು ಅವರಿಗೇ ಗೊತ್ತಾಗಿತ್ತು. ಅದನ್ನು ಬರೆಯಲು ಯಾವ ನಮೂನೆಯಲ್ಲೂ ಜಾಗವಿರಲಿಲ್ಲ.

ಶಾಲೆಯ ತೋಟಗಾರ ಮತ್ತು ಬಸ್ ಚಾಲಕನನ್ನು ಪಂಚರನ್ನಾಗಿಸಿ 11.30ಕ್ಕೆ ಪಂಚನಾಮೆ ಶುರುವಾಯಿತು. ಕಚೇರಿ ಇಕ್ಕಟ್ಟು. ಗೋಡೆಗೆ ಒರಗಿ ಕಬ್ಬಿಣದ ಬೀರು, ಅದರ ಪಕ್ಕದಲ್ಲೇ ಆನೆಮರಿಯಂಥ ಜೆರಾಕ್ಸ್ ಮಷಿನ್ನು, ಎದುರಿಗೆ ಗುಮಾಸ್ತರ ಮೇಜು. ಬೀಗ ಒಡೆದ ಗುರುತಿರಲಿಲ್ಲ.

"ಕೀಲಿ ಯಾರ ಹತ್ರ ಇರತ್ತೆ?"

"ಬೀರು ಹತ್ರಾನೇ ಸಾರ್," ಎಂದರು ಗುಮಾಸ್ತರು. "ಬಾಗಿಲಲ್ಲೇ ಇರತ್ತೆ."

"ಮತ್ತೆ ಬೀಗ ಯಾಕೆ?"

"ಬೀರು ಅಂದ ಮೇಲೆ ಬೀಗ ಇರಬೇಕಲ್ವಾ ಸಾರ್."

ಕವರ್‌ಗಳನ್ನು ಸೋಮವಾರ ಬೆಳಿಗ್ಗೆ ಎಣಿಸಿ ಇಟ್ಟಿದ್ದರು. ಮಂಗಳವಾರ ಬೆಳಿಗ್ಗೆ ಒಂದು ಇರಲಿಲ್ಲ.

"ನಡುವೆ ಹೊರಗಿನವರು ಯಾರು ಬಂದಿದ್ರು?"

"ಒಬ್ಬರೂ ಇಲ್ಲ."

"ಖಂಡಿತ?"

"ನನ್ನ ಮಕ್ಕಳಾಣೆ."

ಸಂದರ್ಶಕರ ಪುಸ್ತಕವೂ ಗುಮಾಸ್ತರ ಪರವೇ ಸಾಕ್ಷಿ ಹೇಳಿತು. ಸೋಮವಾರ ಒಂದೂ ಹೆಸರಿರಲಿಲ್ಲ.

ಹಾಗಾದರೆ ಈ ಸೀಟು ತಪ್ಪಿದರೆ ಯಾರಿಗೆ ಲಾಭ? ಮುಂದಿನ ಹೆಸರು ಆಂಬುಲೆನ್ಸ್ ಚಾಲಕನೊಬ್ಬನ ಮಗನದು. ಮಧ್ಯಾಹ್ನ 3.20ಕ್ಕೆ ಅವನನ್ನು ಆಸ್ಪತ್ರೆಯ ಗೇಟಿನ ಬಳಿಯೇ ವಿಚಾರಿಸಿದರು.

"ಸೋಮವಾರ ಎಲ್ಲಿದ್ದೆ?"

"ಸ್ಟಿಯರಿಂಗ್ ಹಿಂದೆ. ಏಳು ಟ್ರಿಪ್. ಪುಸ್ತಕ ನೋಡ್ಕೊಳ್ಳಿ."

"ಲಾಂಡ್ರಿಯವಳ ಮಗಳಿಗೆ ಸೀಟು ಸಿಕ್ಕಿದ್ದು ಗೊತ್ತಿತ್ತಾ?"

"ಗೊತ್ತಿತ್ತು. ಅವತ್ತು ಅನ್ನ ಸೇರಲಿಲ್ಲ ಸಾರ್ ನಂಗೆ. ಅವಳು ಒಗೆದ ಬೆಡ್‌ಶೀಟೇ ನನ್ನ ಗಾಡೀಲಿ ಹಾಸೋದು. ಮಡಚುವಾಗೆಲ್ಲ ನೆನಪಾಗತ್ತೆ." ಅವನು ಇನ್ಸ್‌ಪೆಕ್ಟರ್ ಮುಖವನ್ನೇ ನೋಡಿದ. "ಹೊಟ್ಟೆಕಿಚ್ಚು ಇದೆ. ಇಲ್ಲ ಅನ್ನಲ್ಲ. ಅದಕ್ಕೆ ಯಾವ ಕಲಂ ಹಾಕ್ತೀರಿ?"

ಹೆಡ್ ಕಾನ್ಸ್‌ಟೇಬಲ್ ನಕ್ಕುಬಿಟ್ಟ. ಇನ್ಸ್‌ಪೆಕ್ಟರ್ ನಗಲಿಲ್ಲ. ಟ್ರಿಪ್ ಪುಸ್ತಕದಲ್ಲಿ ಏಳೂ ಸಹಿಗಳು ಸರಿಯಾಗಿದ್ದವು.

ಉಳಿದದ್ದು ದಾನಿಯ ಕಡೆ. ಆ ಸೀಟಿನ ದಾನಿ ಯಾರೆಂದು ಹೇಳಲು ಮುಖ್ಯೋಪಾಧ್ಯಾಯಿನಿ ಮೊದಲು ಒಪ್ಪಲಿಲ್ಲ, ಆಮೇಲೆ ಹೇಳಿದರು. ಐವರು ದಾನಿಗಳು ಡಾಕ್ಟರು, ಕಾರ್ಖಾನೆಯವರು. ಆರನೆಯವರು, ಅಂದರೆ ಈ ಸೀಟಿನ ದಾನಿ, ಶಾಲೆಯ ಸಮವಸ್ತ್ರ ಹೊಲಿದುಕೊಡುವ ಟೈಲರಮ್ಮ. ಮದುವೆಯಾಗಿರಲಿಲ್ಲ, ಹಿಂದೆ ಮುಂದೆ ಯಾರೂ ಇರಲಿಲ್ಲ. ಹೊಲಿಗೆ ಕೂಲಿಯಲ್ಲಿ ಒಂದು ಪಾಲನ್ನು ನಿಧಿಗೇ ಬಿಟ್ಟುಬಿಡುತ್ತಿದ್ದರು. ಮಗುವಿನ ಬಟ್ಟೆಗೆ ತಾವೇ ಅಳತೆ ತೆಗೆಯಬೇಕು ಅನ್ನುವುದೊಂದೇ ಅವರ ಷರತ್ತು.

ಗುರುವಾರ ಬೆಳಿಗ್ಗೆ 10ಕ್ಕೆ ಇನ್ಸ್‌ಪೆಕ್ಟರ್ ಅವರ ಮನೆಯಲ್ಲಿದ್ದರು. ಮುಂದಿನ ಕೋಣೆಯೇ ಅಂಗಡಿ. ನೆಲದ ತುಂಬ ನೀಲಿ ಬಟ್ಟೆಯ ಚೂರು. ವಿಷಯ ಕೇಳಿದ ಟೈಲರಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದರು. ಒರೆಸುವುದು ಮುಗಿಯಲೇ ಇಲ್ಲ.

"ನೀವು ಓದಿಸೋದು ಈ ಹುಡುಗೀನೇ ಅಂತ ನಿಮಗಲ್ಲದೆ ಇನ್ಯಾರಿಗೆ ಗೊತ್ತಿತ್ತು?"

"ನಾನ್ಯಾರ ಹತ್ರ ಹೇಳ್ಲಿ? ಅಳತೆ ತೆಗೆದೆ, ಬರ್ಕೊಂಡೆ."

"ಎಲ್ಲಿ ಬರ್ಕೊಂಡ್ರಿ?"

ಟೈಲರಮ್ಮ ರಟ್ಟಿನ ಹೊದಿಕೆಯ ಒಂದು ಪುಸ್ತಕ ಕೊಟ್ಟರು. ಪುಟಪುಟದಲ್ಲೂ ಒಬ್ಬನದೇ ಅಳತೆ. ಎಂಟನೇ ವಯಸ್ಸಿನಿಂದ ಹದಿನಾರರವರೆಗೆ ಭುಜ, ತೋಳು, ಉದ್ದ. ಆಮೇಲೆ ಮೊದಲ ಕೆಲಸಕ್ಕೆ ಹೋಗುವಾಗಿನ ಶರ್ಟಿನದು. ಮೇಲೆ 'ಚಿಕ್ಕ ಸಾಹೇಬ' ಎಂದು ಬರೆದಿತ್ತು. ಕೊನೆಯಲ್ಲಿ ಒಂದು ಹಾಳೆ ಇರಲಿಲ್ಲ.

"ಇದನ್ನ ಯಾರು ಹರಿದ್ರು?"

"ಇಲಿ ಇರಬೇಕು."

"ಇಲಿ ಸ್ಕೇಲ್ ಇಟ್ಟು ಹರಿಯಲ್ಲಮ್ಮ."

ಟೈಲರಮ್ಮ ಹೊಲಿಗೆ ಮಷಿನ್ನಿನ ಚಕ್ರದ ಮೇಲೆ ಕೈಯಿಟ್ಟರು.

"ಆ ಹಾಳೇಲಿ ಏನಿತ್ತು?"

"ಅವನ ಕೊನೇ ಅಳತೆ. ಕೆಳಗೆ ಅರ್ಧ ಪುಟ ಖಾಲಿ ಇತ್ತು. ಹಾಳೆ ಯಾಕೆ ದಂಡ ಮಾಡೋದು ಅಂತ ಈ ಮಗೂದು ಅಲ್ಲೇ ಬರೆದೆ. ಹೆಸರು ಸಮೇತ."

"ಚಿಕ್ಕ ಸಾಹೇಬ ಯಾರು?"

"ನಾನು ಮೊದಲು ಓದಿಸಿದ ಹುಡುಗ. ಪ್ರತಿ ಭಾನುವಾರ ಊಟಕ್ಕೆ ಬರ್ತಾನೆ. ಮೊನ್ನೆ ಭಾನುವಾರ ನಾನು ಸಾರು ಬಿಸಿ ಮಾಡ್ತಿದ್ದೆ, ಅವನು ಇಲ್ಲೇ ಕೂತಿದ್ದ. ತಟ್ಟೆ ಹಾಕೋ ಹೊತ್ತಿಗೆ ಎದ್ದು ಹೋಗಿದ್ದ."

"ಕೆಲಸ?"

ಅವರು ಬಗ್ಗಿ ನೆಲದ ಮೇಲಿನ ನೀಲಿ ಚೂರೊಂದನ್ನು ಎತ್ತಿಕೊಂಡರು. ಆಮೇಲೆ, "ಜೆರಾಕ್ಸ್ ಮಷಿನ್ ರಿಪೇರಿ," ಎಂದರು.

11.40ಕ್ಕೆ ಇನ್ಸ್‌ಪೆಕ್ಟರ್ ಮತ್ತೆ ಶಾಲೆಯ ಕಚೇರಿಯಲ್ಲಿದ್ದರು. ಗುಮಾಸ್ತರನ್ನು ಏನೂ ಕೇಳದೆ ಜೆರಾಕ್ಸ್ ಮಷಿನ್ನಿನ ಮುಂಬಾಗಿಲು ತೆಗೆದರು. ರಿಪೇರಿಯವರು ಬಂದಾಗಲೆಲ್ಲ ತುಂಬುವ ಕಾರ್ಡು ಒಳಬದಿಗೆ ಅಂಟಿಸಿತ್ತು. ಕೊನೆಯ ಸಾಲು: ಸೋಮವಾರ, ಮಧ್ಯಾಹ್ನ 1.05, ಡ್ರಮ್ ಸ್ವಚ್ಛ ಮಾಡಿದೆ. ಕೆಳಗೆ ಸಹಿ.

"ಹೊರಗಿನವರು ಯಾರೂ ಬಂದಿಲ್ಲ ಅಂದ್ರಿ."

ಗುಮಾಸ್ತರು ಬಗ್ಗಿ ನೋಡಿದರು. "ಅಯ್ಯೋ, ಇವನಾ? ಇವನು ಹೊರಗಿನವನಲ್ಲ ಸಾರ್. ನಮ್ಮ ಹುಡುಗ. ಇಲ್ಲೇ ಓದಿದವನು. ಇವನ ಹೆಸರು ಪುಸ್ತಕದಲ್ಲಿ ಬರೆಸಿದ್ರೆ ಬೇಜಾರು ಮಾಡ್ಕೋತಾನೆ ಅಂತ ನಾವು ಯಾವತ್ತೂ ಬರೆಸಲ್ಲ. ಅವನಿಗೆ ಕೆಲಸ ಮಾಡ್ತಾ ಇರು ಅಂತ ಹೇಳಿ ನಾನು ಊಟಕ್ಕೆ ಹೋಗ್ತೀನಿ, ಅಷ್ಟು ನಂಬಿಕೆ."

ರಿಪೇರಿ ಅಂಗಡಿಯಲ್ಲಿ ಅವನು ಮಂಡಿಯೂರಿ ಕುಳಿತಿದ್ದ. ಇಪ್ಪತ್ತಾರು ವರ್ಷ. ಮೊಣಕೈವರೆಗೆ ಟೋನರ್ ಮಸಿ. ಖಾಕಿ ನೋಡಿದವನೇ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ.

"ಚೀಲ ತೆಗಿ."

ಪಂಚರ ಎದುರಿಗೆ ಅವನೇ ತೆಗೆದ. ಒರೆಸುವ ಬಟ್ಟೆಯ ಕೆಳಗೆ ಕಂದು ಕವರು. ಮಸಿ ತಾಗದಿರಲೆಂದು ಅದಕ್ಕೊಂದು ಪ್ಲಾಸ್ಟಿಕ್ ಚೀಲ ಸುತ್ತಿದ್ದ. ಮೂರೂ ಪತ್ರಗಳು ಸುಕ್ಕಿಲ್ಲದೆ ಇದ್ದವು. ಜೊತೆಗೆ ನಾಲ್ಕು ಮಡಿಕೆಯ ಅಳತೆಯ ಹಾಳೆ.

"ಸುಟ್ಟು ಹಾಕಬಹುದಿತ್ತು. ಯಾಕೆ ಇಟ್ಕೊಂಡೆ?"

"ಶುಕ್ರವಾರ ಕಳೆದ ಮೇಲೆ ವಾಪಸ್ ಇಡೋಣ ಅಂತಿದ್ದೆ."

"ಆಮೇಲೆ ಇಟ್ಟು ಆ ಹುಡುಗಿಗೆ ಏನು ಉಪಯೋಗ?"

"ಏನೂ ಇಲ್ಲ. ಅದಕ್ಕೇ."

ಮಧ್ಯಾಹ್ನ 2.10ಕ್ಕೆ ದಸ್ತಗಿರಿ ಎಂದು ಹೆಡ್ ಕಾನ್ಸ್‌ಟೇಬಲ್ ಬರೆದುಕೊಂಡ.

ಠಾಣೆಯಲ್ಲಿ ಅವನು ಹೆಚ್ಚು ಸತಾಯಿಸಲಿಲ್ಲ. "ನನ್ನ ಜೊತೆ ಓದಿದವರ ಆಫೀಸಿಗೇ ಹೋಗಿ ನೆಲದ ಮೇಲೆ ಕೂತು ಮಷಿನ್ ಒರೆಸ್ತೀನಿ ಸಾರ್. ನಾನು ಏನೂ ಆಗಲಿಲ್ಲ. ಓದಿಸಿದ ಅಮ್ಮಂಗೆ ಅದು ಗೊತ್ತಾಗಿದೆ. ಈ ಸಲವಾದ್ರೂ ಸರಿಯಾದ ಮಗು ಸಿಗಲಿ ಅಂತ ಹುಡುಕಿದ್ರು."

"ಹಾಗಂತ ಅವರು ಅಂದ್ರಾ?"

"ಇನ್ಯಾರೂ ಇಲ್ಲ ಅಂತ ಅಂದಿದ್ರು. ನಂಗೆ ಎಂಟು ವರ್ಷ ಆಗ. ಪಿನ್ನು ಕಚ್ಕೊಂಡು ಅಂದಿದ್ರು." ಅವನು ತನ್ನ ಕಪ್ಪು ಉಗುರುಗಳನ್ನು ನೋಡಿಕೊಂಡ. "ಬೇರೆ ಪುಸ್ತಕದಲ್ಲಿ ಬರೆದಿದ್ರೆ ನಂಗೆ ಗೊತ್ತೇ ಆಗ್ತಿರಲಿಲ್ಲ. ನನ್ನ ಅಳತೆ ಕೆಳಗೇ ಬರೆದ್ರು. ಭುಜ ಹನ್ನೊಂದೂವರೆ. ನಂದೂ ಆ ವಯಸ್ಸಿಗೆ ಅಷ್ಟೇ ಇತ್ತು."

ಶುಕ್ರವಾರ ಬೆಳಿಗ್ಗೆ ಹೊಸ ತಲೆನೋವು. ಸಿಕ್ಕ ಪತ್ರಗಳು ಈಗ ಜಪ್ತಿ ಮಾಲು. ಕೋರ್ಟಿನ ಅಪ್ಪಣೆಯಿಲ್ಲದೆ ಬಿಟ್ಟುಕೊಡುವ ಹಾಗಿಲ್ಲ, ಅಪ್ಪಣೆಯಾಗಲು ಸೋಮವಾರ ಆಗಬೇಕು. ಲಾಂಡ್ರಿಯ ಹೆಂಗಸು ಠಾಣೆಯ ಬೆಂಚಿನ ಮೇಲೆ ಕೂತಿದ್ದಳು. "ಕಳ್ಳನ ಹತ್ರ ಇದ್ದಾಗಲೂ ಸಿಗಲಿಲ್ಲ, ಪೊಲೀಸರ ಹತ್ರ ಬಂದರೂ ಸಿಗಲ್ಲ ಅಂದ್ರೆ ಏನು ಸಾರ್ ಇದು?" ಎಂದಳು.

ನಿಯಮದ ಪ್ರಕಾರ ಆಗಲ್ಲಮ್ಮ ಎಂದು ಕೈ ತೊಳೆದುಕೊಳ್ಳುವುದು ಸುಲಭವಿತ್ತು. ಯಾರೂ ಬೆರಳು ತೋರಿಸುತ್ತಿರಲಿಲ್ಲ. ತಮ್ಮ ಮಗಳ ಅರ್ಜಿಯನ್ನು ಇಂಥದೇ ಒಂದು ನಿಯಮ ತಿರುಗಿಸಿ ಕಳಿಸಿತ್ತಲ್ಲ ಎಂಬ ಯೋಚನೆ ಬಂತು, ಬಂದು ಸ್ವಲ್ಪ ಹೊತ್ತು ನಿಂತಿತು. ಇನ್ಸ್‌ಪೆಕ್ಟರ್ ಎದ್ದು ಟೋಪಿ ಹಾಕಿಕೊಂಡರು.

"ಬಿಟ್ಟುಕೊಡೋ ಹಾಗಿಲ್ಲ. ತೋರಿಸಬಾರದು ಅಂತ ಎಲ್ಲೂ ಬರೆದಿಲ್ಲ. ನಡೀರಿ."

4.25ಕ್ಕೆ ಪರಿಶೀಲನಾಧಿಕಾರಿಯ ಮೇಜಿನ ಮುಂದೆ ಹೆಡ್ ಕಾನ್ಸ್‌ಟೇಬಲ್ ಒಂದೊಂದೇ ಪತ್ರವನ್ನು ಎರಡೂ ಕೈಯಲ್ಲಿ ಹಿಡಿದು ತೋರಿಸಿದ. ಅಧಿಕಾರಿ ಮುಟ್ಟದೆ ಓದಿದರು. ಠಾಣೆಯ ಮೊಹರು ಹಾಕಿದ ನಕಲುಗಳು ಕಡತ ಸೇರಿದವು. 4.50ಕ್ಕೆ ಸೀಟು ಖಾಯಂ ಆಯಿತು. ಹೆಂಗಸು ಕೈಮುಗಿದಳು. ಇನ್ಸ್‌ಪೆಕ್ಟರಿಗೆ ಸಂತೋಷವೇನೂ ಆಗಲಿಲ್ಲ. ಕೆಲಸ ಆಯಿತು, ಅಷ್ಟೇ.

ಶನಿವಾರ ಬೆಳಿಗ್ಗೆ 11ಕ್ಕೆ ಟೈಲರಮ್ಮನ ಹೇಳಿಕೆ ದಾಖಲಿಸಲಾಯಿತು.

"ಅವನೊಬ್ಬನನ್ನೇ ಓದಿಸೋದು ಅಂತ ಹೇಳಿದ್ರಾ?"

"ಹೇಳಿರಬೇಕು. ಹೊಸ ಸ್ಕೂಲು ಅಂತ ಅಳ್ತಿದ್ದ. ಅಳೋ ಮಗೂಗೆ ಏನೇನೋ ಹೇಳ್ತೀವಲ್ಲ ಸಾರ್."

"ಅವನು ಏನೂ ಆಗಲಿಲ್ಲ, ಅದಕ್ಕೇ ನೀವು ಇನ್ನೊಂದು ಮಗು ನೋಡಿದ್ರಿ ಅಂತ ಅವನು ತಿಳ್ಕೊಂಡಿದ್ದಾನೆ."

ಟೈಲರಮ್ಮ ಚೀಲವನ್ನು ಮೇಜಿನ ಮೇಲಿಟ್ಟರು. "ಹೊಲಿಗೆ ಕೆಟ್ಟುಹೋದ ಬಟ್ಟೇನ ಮಾದರಿಯಾಗಿ ಇಟ್ಕೊಂಡು ಯಾರಾದ್ರೂ ಇನ್ನೊಂದು ಕತ್ತರಿಸ್ತಾರಾ ಸಾರ್? ಅವನು ಅಷ್ಟು ಚೆನ್ನಾಗಿ ಬಂದ ಅಂತಾನೇ ಇನ್ನೊಂದು ಮಗು ಅಂದ್ಕೊಂಡೆ. ಹೋದ ಭಾನುವಾರ ಊಟ ಆದ ಮೇಲೆ ಅವನಿಗೆ ಹೇಳೋಣ ಅಂತಿದ್ದೆ."

ಹೆಡ್ ಕಾನ್ಸ್‌ಟೇಬಲ್ ಬರೆಯುವುದನ್ನು ನಿಲ್ಲಿಸಿ ಇನ್ಸ್‌ಪೆಕ್ಟರ್ ಕಡೆ ನೋಡಿದ. "ಅದನ್ನೂ ಬರಿ," ಎಂದರು ಅವರು.

ಆರೋಪಪಟ್ಟಿಯ ಉದ್ದೇಶದ ಕಲಮಿನಲ್ಲಿ ಇನ್ಸ್‌ಪೆಕ್ಟರ್ ಒಂದೇ ಪದ ಬರೆದರು: ಅಸೂಯೆ. ಅದು ಅವರಿಗೆ ಹುಡುಕಬೇಕಾದ ಪದವಾಗಿರಲಿಲ್ಲ.

ಮುಂದಿನ ಸೋಮವಾರ ಲಾಂಡ್ರಿಯವಳ ಮಗಳು ಟೈಲರಮ್ಮ ಹೊಲಿದ ನೀಲಿ ಸಮವಸ್ತ್ರ ತೊಟ್ಟು ಐದನೇ ತರಗತಿಗೆ ಸೇರಿದಳು. ಇನ್ಯಾರನ್ನೂ ಓದಿಸುವುದಿಲ್ಲ ಎಂದು ಟೈಲರಮ್ಮ ಕೊಟ್ಟಿದ್ದ ಮಾತು ಮುರಿಯಿತು.